ಗೇಣುದ್ದದ ಗಿಡಕ್ಕೆ ನಾಟಿ ಹುಳಿ

ಸಾರಿಗೆ ಹುಳಿ ಟೊಮೆಟೊನೇ ಆಗಬೇಕು ಅನ್ನೋದು ನಮ್ಮ ಅತ್ತೆಯವರ ಕಾಯಂ ವಾದ. ಅವರು ಚಿಂತಾಮಣಿ ಕಡೆಯವರು. ಟೊಮೆಟೊ ವಿಷಯದಲ್ಲಿ ಕೋಲಾರ, ಚಿಂತಾಮಣಿ ಕಡೆಯವರ ಮುಂದೆ ನಾವು ಬಾಯಿ ಬಿಡೋ ಹಾಗಿಲ್ಲ. ಅಂಗಡಿಯಲ್ಲಿ ಸಿಗುವ ದಪ್ಪ ಸಿಪ್ಪೆಯ ಗಟ್ಟಿ ಹಣ್ಣು ಅವರ ಲೆಕ್ಕದಲ್ಲಿ ಟೊಮೆಟೊನೇ ಅಲ್ಲ. "ಲಾರೀಲಿ ಹೋಗೋಕೆ ಅಂತ ಬೆಳೆದಿರೋದು ಕಣೇ ಅದು" ಅನ್ನುತ್ತಾರೆ. ಮಾತು ತಪ್ಪೇನಲ್ಲ. ದೂರದ ಊರಿಗೆ ಹೋಗುವ ಹಣ್ಣು ಗಟ್ಟಿ ಇರಬೇಕು, ಒಂದು ವಾರ ಇಟ್ಟರೂ ಕೆಡಬಾರದು. ತಳಿ ಮಾಡುವವರು ಮೊದಲು ಅದನ್ನೇ ನೋಡುತ್ತಾರೆ. ಹುಳಿ, ರಸ ಎಲ್ಲ ಆಮೇಲೆ.

ನಾಟಿ ಟೊಮೆಟೊ ಬೇರೆ. ಚಪ್ಪಟೆ ಹಣ್ಣು, ಮೈಮೇಲೆ ಏಣು, ತೆಳು ಸಿಪ್ಪೆ, ಒಳಗೆಲ್ಲ ರಸ. ಎರಡು ಹಣ್ಣು ಕಿವುಚಿ ಹಾಕಿದರೆ ಆ ದಿನ ಹುಣಸೆಹಣ್ಣಿನ ಡಬ್ಬಿ ತೆಗೆಯುವುದೇ ಬೇಡ. ಆದರೆ ಗಿಡ ಬಾಲ್ಕನಿಗೆ ಆಗಿಬರುವಂಥದ್ದಲ್ಲ. ಆಳೆತ್ತರ ಹೋಗುತ್ತದೆ, ಕೋಲು ಕೊಡಬೇಕು, ದೊಡ್ಡ ಕುಂಡ ಬೇಕು. ಎರಡು ಗಿಡ ಇಟ್ಟರೆ ಬಟ್ಟೆ ಒಣಹಾಕಲು ಜಾಗ ಇರೋದಿಲ್ಲ. ನಮ್ಮದು ಮೂರನೇ ಮಹಡಿಯ ಪೂರ್ವದ ಬಾಲ್ಕನಿ. ಮಧ್ಯಾಹ್ನದ ಊಟದ ಹೊತ್ತಿಗೆ ಬಿಸಿಲು ಹೋಗಿಬಿಡುತ್ತದೆ. ಇರುವ ಬಿಸಿಲಲ್ಲಿ, ಗ್ರಿಲ್ಲಿನ ಅಂಚಿನಲ್ಲಿ, ಒಂದು ಲೀಟರ್ ಡಬ್ಬಿಯಲ್ಲಿ ಬೆಳೆಯುವ ಗಿಡ ಇದ್ದರೆ ಸರಿ.

ಅಂಥ ಗಿಡ ಇದೆ. ಮೈಕ್ರೋ ಡ್ವಾರ್ಫ್ ಅನ್ನುತ್ತಾರೆ. ಗೇಣು, ಹೆಚ್ಚೆಂದರೆ ಒಂದೂವರೆ ಗೇಣು ಎತ್ತರ. ಇವುಗಳಲ್ಲಿ ಹೆಸರುವಾಸಿ ಮೈಕ್ರೋ ಟಾಮ್. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದವರು 1989ರಲ್ಲಿ ಬಿಡುಗಡೆ ಮಾಡಿದ್ದು, ಅದೂ ಮನೆಯೊಳಗೆ ಚಂದಕ್ಕೆ ಇಟ್ಟುಕೊಳ್ಳಲಿ ಅಂತ. ಆಮೇಲೆ ಅದು ಪ್ರಯೋಗಾಲಯ ಸೇರಿತು. ಜಾಗ ಕಡಿಮೆ ಸಾಕು, ಬಿತ್ತಿ ಮೂರು ತಿಂಗಳೊಳಗೆ ಮತ್ತೆ ಬೀಜ ಕೈಗೆ ಬರುತ್ತದೆ ಅಂದರೆ ವಿಜ್ಞಾನಿಗಳು ಬಿಡುತ್ತಾರಾ? ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಮೈಕ್ರೋ ಟಾಮ್‌ನ ಬಗೆಬಗೆಯ ರೂಪಾಂತರಗಳ ದೊಡ್ಡ ಸಂಗ್ರಹವೇ ಇದೆ. ಇದಕ್ಕಿಂತ ಹಳೆಯದು ಟೈನಿ ಟಿಮ್, ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ್ದು, 1945ರ ಕಾಲದ್ದು. ರೆಡ್ ರಾಬಿನ್ ಅನ್ನೋ ಇನ್ನೊಂದು ಗಿಡ್ಡ ತಳಿಯನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಬೆಳೆದಿದ್ದಾರೆ. ಅಲ್ಲಿ ಒಬ್ಬ ಗಗನಯಾತ್ರಿಯ ಪಾಲಿನ ಟೊಮೆಟೊ ತೇಲಿಕೊಂಡು ಎಲ್ಲೋ ಕಳೆದುಹೋಗಿ, ಅವರೇ ತಿಂದಿರಬೇಕು ಅಂತ ಜೊತೆಯವರು ರೇಗಿಸಿ, ತಿಂಗಳುಗಟ್ಟಲೆ ಆದಮೇಲೆ ಒಣಗಿದ ಹಣ್ಣು ಸಿಕ್ಕಿದ್ದು 2023ರಲ್ಲಿ ಸುದ್ದಿಯಾಗಿತ್ತು.

ಇಷ್ಟೆಲ್ಲ ಇದ್ದರೂ ಮೈಕ್ರೋ ಟಾಮ್ ರುಚಿ ಅಷ್ಟಕ್ಕಷ್ಟೇ. ಮೊದಲ ಫಸಲು ಬಂದಾಗ ಅತ್ತೆಗೆ ಒಂದು ಹಿಡಿ ಕೊಟ್ಟೆ. ಒಂದನ್ನು ಬಾಯಿಗೆ ಹಾಕಿಕೊಂಡರು. ಉಳಿದದ್ದನ್ನು ದೇವರ ಮನೆಯ ತಟ್ಟೆಯಲ್ಲಿಟ್ಟರು. "ನೋಡೋಕೆ ಲಕ್ಷಣವಾಗಿದೆ" ಅಂದರು, ಅಷ್ಟೇ.

ಈ ಗಿಡಕ್ಕೆ ಆ ಹುಳಿ ಬಂದರೆ ಹೇಗೆ ಅನ್ನೋ ಯೋಚನೆ ಶುರುವಾಗಿದ್ದು ಆಗ.

ಬೀಜದ ವಿಷಯ ಮೊದಲು ಹೇಳಿಬಿಡುತ್ತೇನೆ. ಮೈಕ್ರೋ ಡ್ವಾರ್ಫ್ ಅಂತ ಆನ್‌ಲೈನಲ್ಲಿ ಮಾರುವುದೆಲ್ಲ ಮೈಕ್ರೋ ಅಲ್ಲ. ಒಂದು ಕಡೆಯಿಂದ ತರಿಸಿದ ಪ್ಯಾಕೆಟ್ಟಿನ ಗಿಡಗಳು ಗ್ರಿಲ್ ಹತ್ತಿ ಮೇಲಿನ ಮನೆಯವರ ಬಾಲ್ಕನಿಗೆ ಇಣುಕಿದವು. ಹೊರದೇಶದಲ್ಲಿರುವ ನೆಂಟರ ಹತ್ತಿರ ಕವರಲ್ಲಿ ಹಾಕಿ ಕಳಿಸಿ ಅನ್ನೋಣ ಅಂದರೆ ಅದೂ ಹಾಗೆ ಸುಮ್ನೆ ಆಗೋದಲ್ಲ. 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಹೊರಗಿನ ಬೀಜಕ್ಕೆ ಪರವಾನಗಿ, ಗಿಡ ಆರೋಗ್ಯದ ಸರ್ಟಿಫಿಕೇಟ್ ಎಲ್ಲ ಬೇಕು. ಬೀಜದ ಜೊತೆ ರೋಗ ಬರುತ್ತದೆ, ಹಾಗಾಗಿ ಆ ನಿಯಮ ಸರಿಯಾಗೇ ಇದೆ. ಕೊನೆಗೆ ಇಲ್ಲೇ ಬೆಳೆಯುತ್ತಿದ್ದ ಗೆಳತಿಯೊಬ್ಬಳು ಮೈಕ್ರೋ ಟಾಮ್ ಬೀಜ ಕೊಟ್ಟಳು.

ನಾಟಿಯದ್ದು ಅತ್ತೆಯ ತಂಗಿಯ ಮನೆಯ ಹಿತ್ತಲಿಂದ ಬಂತು. ಇಲ್ಲೂ ಒಂದು ಮಾತು. ಮಾರ್ಕೆಟ್ಟಲ್ಲಿ ನಾಟಿ ಅಂತ ಮಾರುವ ಹಣ್ಣು ನಾಟಿಯೇ ಅನ್ನೋ ಗ್ಯಾರಂಟಿ ಇಲ್ಲ. ಹುಳಿ ಇರುವ ಹೈಬ್ರಿಡ್ ಕೂಡ ಅದೇ ಹೆಸರಲ್ಲಿ ಬರುತ್ತದೆ. ಹೈಬ್ರಿಡ್ ಹಣ್ಣಿನ ಬೀಜ ಹಾಕಿದರೆ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಹಿತ್ತಲಲ್ಲಿ ವರ್ಷಗಟ್ಟಲೆ ಅದೇ ಬೀಜ ಎತ್ತಿಟ್ಟು ಬೆಳೆದದ್ದಾದರೆ ಎಲ್ಲ ಗಿಡಗಳೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಚಿಕ್ಕಮ್ಮನ ಬೀಜ ಹಾಗೇ ಇತ್ತು.

ಬೆಳೆಸುವುದರಲ್ಲಿ ಹೇಳುವಂಥದ್ದು ಜಾಸ್ತಿ ಏನಿಲ್ಲ. ಕೆಂಪು ಮಣ್ಣು, ಕೊಕೊಪೀಟ್, ಎರೆಗೊಬ್ಬರ ಸಮಸಮ, ಒಂದು ಹಿಡಿ ಬೇವಿನ ಹಿಂಡಿ. ಕುಂಡ ಚಿಕ್ಕದಾದ್ದರಿಂದ ನೀರು ಬೇಗ ಆರುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ನೋಡಬೇಕು. ಒಂದು ದಿನ ಬಾಡಿಸಿ ಮರುದಿನ ಮುಳುಗಿಸಿದರೆ ಕಾಯಿಯ ಬುಡ ಕಪ್ಪಾಗಿ ಕೊಳೆಯುತ್ತದೆ. ಅದಕ್ಕೆ ಎಲ್ಲರೂ ಮೊಟ್ಟೆ ಸಿಪ್ಪೆ ಹಾಕಿ ಅಂತಾರೆ. ಕ್ಯಾಲ್ಸಿಯಂ ಕೊರತೆ ಹೌದು, ಆದರೆ ಮಣ್ಣಲ್ಲಿ ಕ್ಯಾಲ್ಸಿಯಂ ಇದ್ದರೂ ಅದನ್ನು ಕಾಯಿಯವರೆಗೆ ಹೊತ್ತು ತರೋದು ನೀರು ತಾನೇ. ನೀರು ಹದವಾಗಿ ಕೊಟ್ಟರೆ ಮುಕ್ಕಾಲು ಪಾಲು ಸಮಸ್ಯೆ ತೀರುತ್ತದೆ. ಮೊಟ್ಟೆ ಸಿಪ್ಪೆ ಕರಗೋದಕ್ಕೇ ತಿಂಗಳುಗಳು ಬೇಕು, ಅಷ್ಟರಲ್ಲಿ ಗಿಡದ ಆಯಸ್ಸೇ ಮುಗಿದಿರುತ್ತದೆ.

ಇನ್ನು ಹೂವು. ಟೊಮೆಟೊ ಹೂವು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಹಳದಿ ಪರಾಗಕೋಶಗಳು ಒಂದಕ್ಕೊಂದು ಅಂಟಿಕೊಂಡು ಕೊಳವೆ ಥರ ಇರುತ್ತವೆ. ಅದರೊಳಗೆ ಕಾಯಿಯಾಗುವ ಹೀಚು, ಅದರ ಮೇಲೊಂದು ಕಡ್ಡಿ, ಕಡ್ಡಿಯ ತುದಿಯಲ್ಲಿ ಪರಾಗ ಹಿಡಿಯುವ ಗುಬುಟು. ಗಾಳಿಗೆ ಹೂವು ಅಲುಗಿದರೆ ಪರಾಗ ಒಳಗೇ ಉದುರಿ ಆ ಗುಬುಟಿಗೆ ಅಂಟುತ್ತದೆ. ಹೊರಗೆ ಹೋಗಬೇಕಾದ್ದೇ ಇಲ್ಲ. ನಮ್ಮ ಮಾಮೂಲಿ ಜೇನು ಇದಕ್ಕೆ ಅಷ್ಟಾಗಿ ಬರೋದಿಲ್ಲ, ಬಂದರೂ ಪರಾಗ ಉದುರಿಸಲು ಅದಕ್ಕೆ ಬರುವುದಿಲ್ಲ. ದೊಡ್ಡ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಕಾಡು ಜೇನ್ನೊಣ, ಇವು ಹೂವನ್ನು ಕಚ್ಚಿ ಹಿಡಿದು ಝೇಂಕರಿಸಿ ನಡುಗಿಸುತ್ತವೆ. ಆಗ ಪರಾಗ ಸುರಿಯುತ್ತದೆ. ಮನೆಯಲ್ಲಿ ಆ ಕೆಲಸಕ್ಕೆ ಬ್ಯಾಟರಿ ಟೂತ್‌ಬ್ರಷ್ ಸಾಕು.

ಎರಡು ತಳಿಗಳನ್ನು ಕೂಡಿಸಬೇಕಾದರೆ ಈ ಸ್ವಂತ ಪರಾಗವನ್ನು ಮೊದಲೇ ತೆಗೆದುಹಾಕಬೇಕು. ಅದಕ್ಕೆ ಮೊಗ್ಗಿನ ಹದ ಗೊತ್ತಾಗಬೇಕು. ಹೊರಗಿನ ಹಸಿರು ಎಸಳುಗಳು ಆಗತಾನೆ ಬಾಯಿ ಬಿಟ್ಟಿರುತ್ತವೆ. ಒಳಗಿನ ದಳ ಇನ್ನೂ ಕೂಡಿಕೊಂಡಿರುತ್ತದೆ, ಬಣ್ಣ ಹಸಿರು ಬಿಟ್ಟು ತಿಳಿ ಹಳದಿಗೆ ತಿರುಗಿರುತ್ತದೆ. ನಾಳೆ ಅರಳುತ್ತದೆ ಅನ್ನುವ ಮೊಗ್ಗು. ಅದಕ್ಕಿಂತ ಎಳೆಯದಾದರೆ ಕಾಯಿ ಕಚ್ಚೋದಿಲ್ಲ. ಪೂರ್ತಿ ಅರಳಿದ್ದರೆ ಒಳಗೆ ಕೆಲಸ ಮುಗಿದೇಹೋಗಿರುತ್ತದೆ.

ತಾಯಿ ಯಾವುದು, ತಂದೆ ಯಾವುದು ಅನ್ನುವುದರಲ್ಲಿ ಒಂದು ಉಪಾಯ ಇದೆ. ನಾನು ಮೈಕ್ರೋ ಟಾಮನ್ನು ತಾಯಿ ಮಾಡಿಕೊಂಡೆ. ನಾಟಿ ಹೂವು ದೊಡ್ಡದು, ಕೆಲಸ ಸಲೀಸು, ಅದನ್ನೇ ತಾಯಿ ಮಾಡಬಹುದಿತ್ತು. ಮೈಕ್ರೋ ಹೂವಂತೂ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಆದರೂ ಅದನ್ನೇ ಆರಿಸಿದ್ದಕ್ಕೆ ಕಾರಣ ಇದು: ಗಿಡ್ಡತನ ದುರ್ಬಲ ಗುಣ, ಎತ್ತರ ಪ್ರಬಲ ಗುಣ, ಎರಡೂ ಕೂಡಿದರೆ ಕಾಣುವುದು ಎತ್ತರವೇ. ಶಾಲೆಯಲ್ಲಿ ಓದಿದ ಮೆಂಡೆಲ್‌ನ ಬಟಾಣಿ ನೆನಪಿದೆಯಲ್ವಾ? ಅದೇ ಲೆಕ್ಕ. ನಾಟಿ ಪರಾಗ ನಿಜವಾಗಿ ಕೂಡಿದ್ದರೆ ಹುಟ್ಟುವ ಸಸಿ ಎತ್ತರ ಬರುತ್ತದೆ. ಕೂಡದೆ ಸ್ವಂತ ಪರಾಗದಿಂದಲೇ ಕಾಯಿ ಕಟ್ಟಿದ್ದರೆ ಗಿಡ್ಡ ಬರುತ್ತದೆ. ಸಸಿ ಎರಡೆಲೆ ಬಿಡುವಾಗಲೇ ಉತ್ತರ ಸಿಗುತ್ತದೆ, ಯಾವ ಲ್ಯಾಬೂ ಬೇಡ. ನಾಟಿಯನ್ನು ತಾಯಿ ಮಾಡಿದ್ದರೆ ಎರಡೂ ಎತ್ತರವೇ. ಕೂಡಿತೋ ಇಲ್ಲವೋ ತಿಳಿಯಲು ಆ ಸಸಿ ಬೆಳೆದು ಹಣ್ಣು ಬಿಡುವವರೆಗೆ ಕಾಯಬೇಕಿತ್ತು.

ಬೆಳಿಗ್ಗೆ ಒಂಬತ್ತು ಗಂಟೆ ಹೊತ್ತಿಗೆ ಕುಂಡವನ್ನು ಊಟದ ಟೇಬಲ್ ಮೇಲೆ ತಂದಿಟ್ಟುಕೊಂಡು ಕೂರುತ್ತಿದ್ದೆ. ಎಡಗೈಯ ಎರಡು ಬೆರಳಲ್ಲಿ ಮೊಗ್ಗು, ಬಲಗೈಯಲ್ಲಿ ಚೂಪು ಚಿಮುಟ, ಕಣ್ಣಿಗೆ ಅತ್ತೆಯವರ ಓದುವ ಕನ್ನಡಕ. ದಳದ ಬುಡ ಪರಾಗಕೋಶಗಳಿಗೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ದಳಗಳನ್ನು ಒಟ್ಟಿಗೆ ಹಿಡಿದು ಸ್ವಲ್ಪ ಓರೆಯಾಗಿ, ನಿಧಾನಕ್ಕೆ ಮೇಲೆಳೆದರೆ ಇಡೀ ಕೊಳವೆ ಕಳಚಿ ಬರುತ್ತದೆ. ಬಾರದಿದ್ದರೆ ಚಿಮುಟದ ತುದಿಯಿಂದ ಕೊಳವೆಯ ಒಂದು ಬದಿ ಸೀಳಿ, ಒಂದೊಂದೇ ಕೋಶ ಬಿಡಿಸಬೇಕು. ಉಳಿಯುವುದು ಹಸಿರು ಹೀಚು ಮತ್ತು ಕೂದಲಷ್ಟು ತೆಳು ಕಡ್ಡಿ. ಉಸಿರು ಜೋರಾಗಿ ಬಿಟ್ಟರೂ ಕೈ ಅಲುಗಿ ಕಡ್ಡಿ ಮುರಿಯುತ್ತದೆ. ಎಷ್ಟೋ ಮುರಿದವು. ಎದುರು ಮನೆಯ ಆಂಟಿ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, "ಏನ್ರೀ ಇದು, ಹೂವಿಗೂ ಆಪರೇಷನ್ನಾ?" ಅಂದರು. ಆಪರೇಷನ್ನೇ ಸರಿ.

ಪರಾಗ ತೆಗೆಯುವುದು ಸುಲಭ. ಚೆನ್ನಾಗಿ ಅರಳಿದ ನಾಟಿ ಹೂವಿನ ಕೆಳಗೆ ಮೊಬೈಲ್ ಹಿಡಿದು, ಹೂವಿನ ತೊಟ್ಟಿಗೆ ಟೂತ್‌ಬ್ರಷ್ ಮುಟ್ಟಿಸಿದರೆ ಕಪ್ಪು ಸ್ಕ್ರೀನ್ ಮೇಲೆ ಬಿಳಿ ಪುಡಿ ಉದುರುತ್ತದೆ. ಬೆಳಗಿನ ಬಿಸಿಲು ಬಿದ್ದು ಇಬ್ಬನಿ ಆರಿದ ಮೇಲೆ ಮಾಡಬೇಕು. ತೇವ ಇದ್ದರೆ ಪುಡಿ ಮುದ್ದೆಯಾಗುತ್ತದೆ. ಮಳೆಗಾಲದ ಮಂಗಳೂರಲ್ಲಿ ಇದನ್ನೆಲ್ಲ ಮಾಡುವವರಿಗೆ ಕಷ್ಟ ಇದೆ. ನನಗಿದ್ದ ತೊಡಕು ಬೇರೆ. ಮೈಕ್ರೋ ಬೇಗ ಹೂ ಬಿಡುತ್ತದೆ, ನಾಟಿ ತಡ. ಆಮೇಲೆ ನಾಟಿ ಹೂ ಬಿಡುವಾಗ ಮೈಕ್ರೋ ಹಣ್ಣಾಗಿರುತ್ತದೆ. ಅದಕ್ಕೆ ಮುಂದಿನ ಸಲದ ಮೈಕ್ರೋ ಹೂವಿಗೆ ಅಂತ ನಾಟಿ ಪರಾಗವನ್ನು ಪುಟ್ಟ ಸೀಸೆಯಲ್ಲಿ ತುಂಬಿ, ಚಪ್ಪಲಿ ಬಾಕ್ಸಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಲ್ಲಿಟ್ಟೆ. ಒಣಗಿದ್ದರೆ ಪರಾಗ ಕೆಲವು ವಾರ ಕೆಡುವುದಿಲ್ಲ. ಡಬ್ಬಿಯ ಮೇಲೆ "ಮುಟ್ಟಬೇಡಿ" ಅಂತ ಬರೆದದ್ದು ನೋಡಿ ಅತ್ತೆಗೆ ಸಿಟ್ಟು ಬಂತು. "ನಮ್ಮನೆ ಫ್ರಿಜ್ಜಲ್ಲಿ ನನಗೇ ಬೋರ್ಡಾ?" ಅಂತ.

ಬೆರಳ ತುದಿಯಲ್ಲಿ ಸ್ವಲ್ಪ ಪುಡಿ ತೆಗೆದುಕೊಂಡು ಕಡ್ಡಿಯ ತುದಿಗೆ ಮೆಲ್ಲಗೆ ಮುಟ್ಟಿಸಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ಸಲ. ಆಮೇಲೆ ಗುರುತಿಗೆ ಹಸಿರು ಎಸಳುಗಳಲ್ಲಿ ಎರಡನ್ನು ಅರ್ಧಕ್ಕೆ ಕತ್ತರಿಸುವುದು. ದಾರ ಕಳಚಿಹೋದರೂ, ಲೇಬಲ್ ಬಿದ್ದುಹೋದರೂ ಕತ್ತರಿಸಿದ ಎಸಳು ಹಣ್ಣಾಗುವವರೆಗೂ ಹಾಗೇ ಇರುತ್ತದೆ. ಚೀಲ ಕಟ್ಟಿ ಮುಚ್ಚುವ ಅಗತ್ಯ ನನಗೆ ಕಾಣಲಿಲ್ಲ. ದಳ ಇಲ್ಲದ ಹೂವನ್ನು ಯಾವ ಹುಳವೂ ತಿರುಗಿ ನೋಡುವುದಿಲ್ಲ. ನಾಲ್ಕೈದು ದಿನಕ್ಕೆ ಕಡ್ಡಿ ಒಣಗಿ ಹೀಚು ಸಾಸಿವೆ ಕಾಳಷ್ಟು ಉಬ್ಬಿದರೆ ಗೆದ್ದ ಹಾಗೆ. ಇಲ್ಲದಿದ್ದರೆ ತೊಟ್ಟು ಹಳದಿಯಾಗಿ ಗಿಣ್ಣಿನ ಹತ್ತಿರ ಉದುರುತ್ತದೆ. ಉದುರಿದ್ದೇ ಜಾಸ್ತಿ. ಏಪ್ರಿಲ್ ಬಿಸಿಲಲ್ಲಂತೂ ಪ್ರಯತ್ನ ಪಡುವುದೇ ಬೇಡ. ಹಗಲು 35 ಡಿಗ್ರಿ ಮುಟ್ಟಿದರೆ ಪರಾಗವೇ ಬರಡಾಗುತ್ತದೆ.

ಸುಮಾರು ಒಂದೂವರೆ ತಿಂಗಳಿಗೆ ಹಣ್ಣು ಕೆಂಪಾಯಿತು. ಅತ್ತೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಎಲ್ಲಿ, ಏನೂ ಬದಲಾಗಿಲ್ವಲ್ಲೇ?" ಬದಲಾಗುವುದಿಲ್ಲ. ಹಣ್ಣಿನ ಮಾಂಸ, ಸಿಪ್ಪೆ ಎಲ್ಲ ತಾಯಿ ಗಿಡದ್ದೇ. ತಂದೆಯ ಪಾಲು ಇರೋದು ಬೀಜದೊಳಗೆ. ತಿಂದು ನೋಡಿದರೆ ಅದೇ ಸಪ್ಪೆ ಮೈಕ್ರೋ ಟಾಮ್.

ಬೀಜ ತೆಗೆಯುವ ವಿಧಾನ ಎಲ್ಲರಿಗೂ ಗೊತ್ತಿರುವುದೇ. ರಸದ ಸಮೇತ ಲೋಟಕ್ಕೆ ಹಿಂಡಿ ಎರಡು ಮೂರು ದಿನ ಹುಳಿಯಲು ಬಿಡುವುದು. ಬೀಜದ ಸುತ್ತ ಇರುವ ಲೋಳೆ ಮೊಳಕೆಯನ್ನು ತಡೆಯುತ್ತದೆ, ಹುಳಿತಾಗ ಅದು ಬಿಟ್ಟುಕೊಳ್ಳುತ್ತದೆ. ಆಮೇಲೆ ತೊಳೆದು ಸ್ಟೀಲ್ ತಟ್ಟೆಯಲ್ಲಿ ನೆರಳಲ್ಲಿ ಒಣಗಿಸುವುದು. ಪೇಪರ್ ಮೇಲೆ ಹಾಕಿದರೆ ಅಂಟಿಕೊಂಡು ಕಿತ್ತರೂ ಬರೋದಿಲ್ಲ. ವಾಸನೆಗೆ ಮಾತ್ರ ಮನೆಯವರ ಬೈಗುಳ ಇದ್ದೇ ಇರುತ್ತದೆ.

ಈ ಬೀಜದಿಂದ ಬಂದದ್ದು ಎಫ್1, ಅಂದರೆ ಮೊದಲ ತಲೆಮಾರು. ಸಸಿಗಳಲ್ಲಿ ಒಂದೆರಡು ಗಿಡ್ಡ ಬಂದವು. ಆ ಹೂವಿನಲ್ಲಿ ಎಲ್ಲೋ ಒಂದು ಪರಾಗಕೋಶದ ಚೂರು ಉಳಿದಿತ್ತು ಅಂತ ಲೆಕ್ಕ. ಅವನ್ನು ಗೆಳತಿಯರಿಗೆ ಕೊಟ್ಟೆ. ಉಳಿದವು ಎತ್ತರ. ಒಂದೇ ಗಿಡ ಇಟ್ಟುಕೊಂಡೆ, ಅದೇ ಸಾಕು. ಎಫ್1 ಗಿಡಗಳೆಲ್ಲ ಒಂದೇ ಥರ ಇರುವುದರಿಂದ ಹೆಚ್ಚು ಇಟ್ಟುಕೊಂಡರೆ ಜಾಗ ದಂಡ. ಅದು ಗ್ರಿಲ್ ತುಂಬ ಹಬ್ಬಿತು. ಹಣ್ಣು ಮಾತ್ರ ನಾಟಿಯಷ್ಟು ದಪ್ಪ ಬರಲಿಲ್ಲ. ಐದು ಗ್ರಾಂ ಹಣ್ಣನ್ನೂ ಅರವತ್ತು ಗ್ರಾಂ ಹಣ್ಣನ್ನೂ ಕೂಡಿಸಿದರೆ ಮಧ್ಯದ ಮೂವತ್ತೆರಡು ಗ್ರಾಂ ಬರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಟೊಮೆಟೊದಲ್ಲಿ ಹಾಗಾಗುವುದಿಲ್ಲ. ಚಿಕ್ಕ ಹಣ್ಣಿನ ಕಡೆಗೇ ವಾಲುತ್ತದೆ, ಹದಿನೇಳು ಹದಿನೆಂಟು ಗ್ರಾಂ ಆಸುಪಾಸು. ಆದರೆ ಹುಳಿ ಇತ್ತು. ಅತ್ತೆ ಕೇಳದೇನೇ ಬಾಲ್ಕನಿಗೆ ಹೋಗಿ ಕಿತ್ತುಕೊಂಡು ಬಂದು ಸಾರಿಗೆ ಹಾಕಿದರು. ಬೀಜಕ್ಕೆ ಅಂತ ಗುರುತು ಮಾಡಿದ್ದ ಗೊಂಚಲನ್ನು ಉಳಿಸಿಕೊಳ್ಳಲು ನಾನು ಕಾವಲಿರಬೇಕಾಯಿತು.

ನಿಜವಾದ ಮಜಾ ಇರೋದು ಎಫ್2ನಲ್ಲಿ, ಅಂದರೆ ಎಫ್1 ಗಿಡ ತನ್ನ ಪರಾಗದಿಂದಲೇ ಕಟ್ಟಿದ ಬೀಜದ ಎರಡನೇ ತಲೆಮಾರಿನಲ್ಲಿ. ಎಫ್1ನಲ್ಲಿ ಗಿಡ್ಡತನ ಅಡಗಿರುತ್ತದೆ, ಎಫ್2ನಲ್ಲಿ ಹೊರಗೆ ಬರುತ್ತದೆ. ಮೈಕ್ರೋ ಟಾಮ್ ಗಿಡ್ಡ ಆಗಿರುವುದಕ್ಕೆ ಕಾರಣ ಒಂದೇ ಜೀನ್ ಅಲ್ಲ. ಡ್ವಾರ್ಫ್ ಅನ್ನೋ ಜೀನ್ ಕೆಟ್ಟಿದೆ. ಕೋಶಗಳನ್ನು ಹಿಗ್ಗಿಸುವ ಬ್ರಾಸಿನೋಸ್ಟೀರಾಯ್ಡ್ ಅನ್ನುವ ಹಾರ್ಮೋನನ್ನು ಗಿಡ ಸರಿಯಾಗಿ ಮಾಡಿಕೊಳ್ಳಲಾರದು. ಎಲೆ ಕಡು ಹಸಿರಾಗಿ, ದಪ್ಪಗೆ, ಸುಕ್ಕುಸುಕ್ಕಾಗಿ ಬರುವುದು ಅದಕ್ಕೇ. ಇನ್ನೊಂದು ಮಿನಿಯೇಚರ್ ಅಂತ, ಅದು ಇನ್ನಷ್ಟು ಕುಗ್ಗಿಸುತ್ತದೆ. ಮೂರನೆಯದು ಸೆಲ್ಫ್ ಪ್ರೂನಿಂಗ್. ಇಷ್ಟು ಹೂಗೊಂಚಲು ಬಿಟ್ಟ ಮೇಲೆ ಬೆಳವಣಿಗೆ ತಾನಾಗೇ ನಿಲ್ಲುತ್ತದೆ. 1914ರಲ್ಲಿ ಫ್ಲಾರಿಡಾದಲ್ಲಿ ತಾನಾಗಿ ಕಾಣಿಸಿಕೊಂಡ ಈ ಗುಣದಿಂದಲೇ ಕೋಲು ಬೇಡದ ಟೊಮೆಟೊ ಹೊಲಗಳಿಗೆ ಬಂತು. ಮೂರೂ ದುರ್ಬಲ ಗುಣಗಳು. ಒಂದು ಬೇಕಾದರೆ ನಾಲ್ಕು ಸಸಿಗೆ ಒಂದು, ಎರಡು ಬೇಕಾದರೆ ಹದಿನಾರಕ್ಕೆ ಒಂದು, ಮೂರೂ ಬೇಕಾದರೆ ಅರವತ್ತನಾಲ್ಕಕ್ಕೆ ಒಂದು.

ನರ್ಸರಿಯವರು ಬಳಸುವ 98 ಕುಳಿಯ ಟ್ರೇ ಒಂದರಲ್ಲಿ ಎಫ್2 ಬೀಜ ಹಾಕಿದೆ. ಲೆಕ್ಕದಂತೆ ಇಪ್ಪತ್ತನಾಲ್ಕು ಡ್ವಾರ್ಫ್, ಅವುಗಳಲ್ಲಿ ಮಿನಿಯೇಚರ್ ಕೂಡ ಸೇರಿದ ಆರು ಮೈಕ್ರೋ, ಆ ಆರರಲ್ಲಿ ಒಂದೋ ಎರಡೋ ಪೂರ್ತಿ ಮೈಕ್ರೋ ಟಾಮ್ ಥರದವು ಬರಬೇಕು. ಸುಮಾರಾಗಿ ಹಾಗೇ ಬಂತು. ಎರಡನೇ ವಾರಕ್ಕೆ ಟ್ರೇ ನೋಡಿದರೆ ನಗು ಬರುವಂತಿತ್ತು. ಉದ್ದ ಕಾಂಡದ ತಿಳಿಹಸಿರು ಸಸಿಗಳು ಬೆಳಕಿನ ಕಡೆ ಬಾಗಿ ನಿಂತಿದ್ದವು. ಅವುಗಳ ಕಾಲ ಬುಡದಲ್ಲಿ ಕಡು ಹಸಿರಿನ, ಮೊದಲ ಎಲೆಯಲ್ಲೇ ಸುಕ್ಕು ಬಿದ್ದ, ಮಣ್ಣಿಗೆ ಅಂಟಿಕೊಂಡಂಥ ಕುಳ್ಳ ಸಸಿಗಳು. ಬಾಲ್ಕನಿಯಲ್ಲಿ ತಳಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಎಷ್ಟೇ ಬೀಜ ಹಾಕಿದರೂ ಒಂದು ಟ್ರೇ ಜಾಗದಲ್ಲೇ ಮುಕ್ಕಾಲು ಪಾಲನ್ನು ಕಿತ್ತು ಹಾಕಬಹುದು. ಕುಂಡ ಬೇಕಾಗುವುದು ಉಳಿದ ಕೆಲವಕ್ಕೆ ಮಾತ್ರ. ಅದೇ ಯಾರಾದರೂ ದೊಡ್ಡ ಹಣ್ಣು ಬೇಕು, ಬಣ್ಣ ಬೇಕು ಅಂತ ಹೊರಟರೆ ಎಲ್ಲ ಗಿಡಗಳನ್ನೂ ಹಣ್ಣಾಗುವವರೆಗೆ ಸಾಕಬೇಕು. ಫ್ಲಾಟಲ್ಲಿ ಅದು ಆಗುವ ಮಾತಲ್ಲ.

ಬಣ್ಣದ ವಿಷಯ ಬಂತು ಅಂತ ಹೇಳುತ್ತೇನೆ. ಈಗ ನೇರಳೆ, ಕಪ್ಪು ಟೊಮೆಟೊ ಹುಚ್ಚು ಜೋರಾಗಿದೆ. 2012ರಲ್ಲಿ ಅಮೆರಿಕದ ಆರಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ಇಂಡಿಗೋ ರೋಸ್ ಬಿಟ್ಟ ಮೇಲೆ ಆ ಬಣ್ಣ ಗಿಡ್ಡ ತಳಿಗಳಿಗೂ ಬಂದಿದೆ. ಬಿಸಿಲು ಬಿದ್ದ ಕಡೆ ಮಾತ್ರ ನೇರಳೆ, ಎಲೆಯ ನೆರಳಿದ್ದ ಕಡೆ ಕೆಂಪು. ಫೋಟೋಗೆ ಚೆನ್ನಾಗಿರುತ್ತದೆ. ನಾನು ತಿಂದಷ್ಟರಲ್ಲಿ ಸಾರಿಗೆ ಯಾವುದೂ ಆಗಿಬರಲಿಲ್ಲ.

ಮೈಕ್ರೋ ಸಸಿಗಳನ್ನೆಲ್ಲ ಹಣ್ಣಿಗೆ ಬಿಟ್ಟೆ. ರುಚಿ ನೋಡುವ ಕೆಲಸ ಅತ್ತೆಯವರದ್ದು. ನಾನು ಪಿಎಚ್ ಪಟ್ಟಿ ತರಿಸಿದ್ದೆ, ಆದರೆ ಅದರಲ್ಲಿ ಎಲ್ಲ ಹಣ್ಣೂ ನಾಲ್ಕು, ನಾಲ್ಕೂವರೆ ಅಂತ ಒಂದೇ ಬಣ್ಣ ತೋರಿಸುತ್ತಿದ್ದವು. ಅತ್ತೆಯ ನಾಲಿಗೆ ಅದಕ್ಕಿಂತ ಸೂಕ್ಷ್ಮ. "ಇದು ನೀರು. ಇದು ಪರವಾಗಿಲ್ಲ. ಇದಕ್ಕೆ ಹುಳಿ ಇದೆ, ಹಿಂದೇನೇ ಒಗರು ಬರತ್ತೆ." ಹಣ್ಣು ಸವಿದು ಕಣ್ಣು ಸಣ್ಣ ಮಾಡಿದರೆ ನಾನು ಬರೆದುಕೊಳ್ಳುತ್ತಿದ್ದೆ. ಒಂದು ವಿಷಯ ಗೊತ್ತಾಯಿತು. ಈ ಗಿಡಗಳಲ್ಲಿ ಸಿಹಿ ತರುವುದು ಕಷ್ಟ, ಹುಳಿ ಅಷ್ಟು ಕಷ್ಟ ಅಲ್ಲ. ಸಕ್ಕರೆ ಆಗೋದು ಎಲೆಯಲ್ಲಿ. ಗೇಣುದ್ದದ ಗಿಡದಲ್ಲಿ ಎಲೆ ಎಷ್ಟಿರುತ್ತದೆ, ಕಾಯಿ ಎಷ್ಟಿರುತ್ತದೆ ನೋಡಿ. ಒಂದೊಂದು ಕಾಯಿಯ ಪಾಲಿಗೆ ಬರುವ ಎಲೆ ಕಡಿಮೆ. ಸಿಹಿ ಚೆರ್ರಿ ಟೊಮೆಟೊ ಬೇಕು ಅನ್ನುವವರು ಮೈಕ್ರೋದಲ್ಲಿ ತುಂಬ ಕಷ್ಟಪಡಬೇಕಾಗುತ್ತದೆ. ಸಾರು, ಗೊಜ್ಜು ಅನ್ನುವ ನಮ್ಮಂಥವರಿಗೆ ಅಷ್ಟು ತೊಂದರೆ ಇಲ್ಲ.

ಎಫ್2ನಲ್ಲಿ ಒಂದು ಗಿಡ ಎಲ್ಲರ ಕಣ್ಣಿಗೂ ಬಿತ್ತು. ಹಣ್ಣು ಗೋಲಿಗಿಂತ ತುಸು ದೊಡ್ಡದು, ಆದರೆ ಚಪ್ಪಟೆ, ಮೈಮೇಲೆ ನಾಟಿಯ ಹಾಗೇ ಏಣು. ಅಡ್ಡ ಕೊಯ್ದರೆ ಎರಡು ಕೋಣೆಯ ಬದಲು ಐದಾರು ಕೋಣೆ. ನಾಟಿ ಟೊಮೆಟೊವನ್ನೇ ಕುಗ್ಗಿಸಿ ಇಟ್ಟ ಹಾಗೆ. ಹುಳಿಯೂ ಒಳ್ಳೆಯದಿತ್ತು. ಅದರ ಬೀಜವನ್ನೂ, ದುಂಡು ಹಣ್ಣಿನ ಇನ್ನೊಂದು ಹುಳಿ ಗಿಡದ ಬೀಜವನ್ನೂ ಎತ್ತಿಟ್ಟೆ. ಬಾಕಿಯವನ್ನು ತಿಂದು ಮುಗಿಸಿದೆವು.

ಎಫ್3ಗೆ ಬಂದಾಗ ಒಂದು ನೆಮ್ಮದಿ ಇರುತ್ತದೆ. ದುರ್ಬಲ ಗುಣ ಒಂದು ಸಲ ಕೈಗೆ ಸಿಕ್ಕರೆ ಮತ್ತೆ ತಪ್ಪಿಸಿಕೊಳ್ಳುವುದಿಲ್ಲ. ಮೈಕ್ರೋ ಗಿಡದ ಬೀಜದಿಂದ ಬಂದದ್ದೆಲ್ಲ ಮೈಕ್ರೋನೇ. ಎತ್ತರದ ಗಿಡ ಇನ್ನು ಬರುವ ಹಾಗೇ ಇಲ್ಲ. ಉಳಿದ ಗುಣಗಳು ಮಾತ್ರ ಇನ್ನೂ ಓಡಾಡುತ್ತಿರುತ್ತವೆ. ತಾಯಿ ಗಿಡ ಹುಳಿ ಇದ್ದರೂ ಮಕ್ಕಳಲ್ಲಿ ಕೆಲವು ಸಪ್ಪೆ. ಪ್ರತಿ ತಲೆಮಾರಿಗೆ ಈ ಏರುಪೇರು ಅರ್ಧ ಅರ್ಧ ಇಳಿಯುತ್ತದೆ. ಎಫ್6 ಹೊತ್ತಿಗೆ ನೂರಕ್ಕೆ ಮೂರರ ಹತ್ತಿರ ಬರುತ್ತದೆ.

ಇಲ್ಲಿ ಬೆಂಗಳೂರಿನ ಹವೆ ನಮ್ಮ ಕೈ ಹಿಡಿಯುತ್ತದೆ. 2005ರ ಸುಮಾರಿಗೆ ಅಮೆರಿಕದ ಕ್ರೇಗ್ ಲೆಹೂಲಿಯರ್ ಮತ್ತು ಆಸ್ಟ್ರೇಲಿಯಾದ ಪ್ಯಾಟ್ರಿನಾ ನುಸ್ಕಿ ಸ್ಮಾಲ್ ಸೇರಿ ಡ್ವಾರ್ಫ್ ಟೊಮೆಟೊ ಪ್ರಾಜೆಕ್ಟ್ ಅಂತ ಶುರು ಮಾಡಿದರು. ಹವ್ಯಾಸಿಗಳೇ ಸೇರಿ ಮೂರು ನಾಲ್ಕು ಅಡಿಯ, ಒಳ್ಳೆ ರುಚಿಯ ಗಿಡ್ಡ ತಳಿಗಳನ್ನು ಮಾಡುವ ಕೆಲಸ. ಅವರ ಕಡೆ ಬೇಸಿಗೆ ಇದ್ದಾಗ ಇವರ ಕಡೆ ಚಳಿ. ಬೀಜ ಆಚೆ ಈಚೆ ಕಳಿಸಿಕೊಂಡು ವರ್ಷಕ್ಕೆ ಎರಡು ತಲೆಮಾರು ತೆಗೆದರು. ನಮಗೆ ಆ ಪಾಡಿಲ್ಲ. ಚಳಿಗಾಲ, ಮಳೆಗಾಲ ಎಲ್ಲದರಲ್ಲೂ ಗಿಡ ಬರುತ್ತದೆ. ವರ್ಷಕ್ಕೆ ಮೂರು ತಲೆಮಾರು ಆರಾಮಾಗಿ ಆಗುತ್ತದೆ.

ಆರಾಮು ಅಂದದ್ದು ಬಿಳಿನೊಣ ಬಾರದಿದ್ದರೆ ಅಂತ. ಎಫ್3 ಗಿಡಗಳು ಹೂವಿಗೆ ಬರುವ ಹೊತ್ತಿಗೆ ಮಾರ್ಚ್ ಆಯಿತು, ಬಿಳಿನೊಣ ಹರಡುವ ಎಲೆ ಮುದುರು ರೋಗ ಬಂತು. ಹೊಸ ಎಲೆಗಳು ದೋಣಿಯಾಗಿ ಮೇಲಕ್ಕೆ ಮಡಚಿಕೊಂಡು, ಅಂಚು ಹಳದಿಯಾಗಿ, ಬೆಳವಣಿಗೆ ಅಲ್ಲಿಗೇ ನಿಂತಿತು. ಇದನ್ನು ತರುವ ವೈರಸ್‌ಗಳಲ್ಲಿ ಒಂದಕ್ಕೆ ನಮ್ಮೂರಿನ ಹೆಸರೇ ಇದೆ, ಟೊಮೆಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್. ಹೆಮ್ಮೆಪಡುವ ವಿಷಯವೇನಲ್ಲ. ಮೈಕ್ರೋ ಗಿಡದಲ್ಲಿ ಎಲೆ ಮೊದಲೇ ಸುಕ್ಕಾಗಿರುವುದರಿಂದ ರೋಗ ಶುರುವಾದದ್ದು ಬೇಗ ಗೊತ್ತಾಗುವುದೂ ಇಲ್ಲ. ಎಲೆಯ ಅಂಚಿನ ಹಳದಿ ನೋಡಿಯೇ ಹೇಳಬೇಕು. ರೋಗ ಬಂದ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ಕವರಲ್ಲಿ ಕಟ್ಟಿ ಕಸಕ್ಕೆ ಹಾಕಬೇಕು. ಅರ್ಧಕ್ಕಿಂತ ಜಾಸ್ತಿ ಗಿಡ ಹಾಗೇ ಹೋದವು. ಆಮೇಲೆ ಗ್ರಿಲ್ಲಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿಸಿದೆವು. ಹಳದಿ ಅಂಟು ಕಾರ್ಡು ನೇತುಹಾಕಿದೆವು. ವಾರಕ್ಕೊಮ್ಮೆ ಎಲೆಯ ಅಡಿಗೆ ಬೇವಿನ ಎಣ್ಣೆ. ಬಲೆಗೆ ಬಿಸಿಲು ಸ್ವಲ್ಪ ಕಡಿಮೆಯಾಯಿತು, ಆದರೆ ಗಿಡ ಉಳಿದವು. ಎಫ್2 ಗಿಡದಿಂದ ಎತ್ತಿಟ್ಟ ಬೀಜವನ್ನು ಪೂರ್ತಿ ಬಿತ್ತದೆ ಒಂದಿಷ್ಟು ಡಬ್ಬಿಯಲ್ಲಿಟ್ಟಿದ್ದರಿಂದ ಏಣಿನ ಹಣ್ಣಿನ ಸಾಲು, ಅಂದರೆ ಆ ಗಿಡದ ವಂಶ, ಅಲ್ಲಿಗೇ ಮುಗಿಯಲಿಲ್ಲ. ಮಳೆ ಬಿದ್ದ ಮೇಲೆ ಮತ್ತೆ ಬಿತ್ತಿದೆ.

ಮಳೆಗಾಲದ ಕಾಟ ಬೇರೆ. ಈ ಗಿಡಗಳಲ್ಲಿ ಎಲೆ ಒತ್ತೊತ್ತು, ಗಾಳಿ ಆಡುವುದಿಲ್ಲ. ಕೆಳಗಿನ ಎಲೆಗಳಿಗೆ ಕಪ್ಪು ಚುಕ್ಕೆ ಬರುತ್ತದೆ. ಮಣ್ಣಿಗೆ ತಾಗುವ ಎಲೆಗಳನ್ನೆಲ್ಲ ಮೊದಲೇ ಚಿವುಟಿ ಹಾಕಿದರೆ ಎಷ್ಟೋ ವಾಸಿ. ಅಷ್ಟು ಸಣ್ಣ ಗಿಡದ ಎಲೆ ಕೀಳಲು ಮನಸ್ಸು ಬರುವುದಿಲ್ಲ, ಆದರೂ ಕೀಳಬೇಕು.

ಈಗ ಎಫ್5 ಗಿಡಗಳು ಗ್ರಿಲ್ಲಿನ ಅಂಚಿನಲ್ಲಿವೆ. ಎರಡು ಸಾಲು ಉಳಿದಿವೆ. ದುಂಡು ಹಣ್ಣಿನದ್ದು ಜಾಸ್ತಿ ಬಿಡುತ್ತದೆ, ಮಳೆಗೂ ಬಿರಿಯುವುದಿಲ್ಲ, ಹುಳಿ ಮಧ್ಯಮ. ಏಣಿನ ಹಣ್ಣಿನದ್ದಕ್ಕೆ ಹುಳಿ ಬೇಕಾದಷ್ಟಿದೆ. ಆದರೆ ಸಿಪ್ಪೆ ತೆಳು, ನಾಟಿಯ ದೋಷವೂ ಜೊತೆಗೇ ಬಂದಿದೆ. ಒಂದು ಜೋರು ಮಳೆ ಬಂದರೆ ತೊಟ್ಟಿನ ಸುತ್ತ ಬಿರಿಯುತ್ತದೆ. ಕೀಳುವುದು ಒಂದು ದಿನ ತಡವಾದರೂ ಇರುವೆ ಹತ್ತುತ್ತದೆ. ನನಗೆ ಬಿರಿಯದ ಸಾಲೇ ಮುಂದುವರಿಯಲಿ ಅಂತಿದೆ. ಅತ್ತೆ ಒಪ್ಪುವುದಿಲ್ಲ. "ಬಿರಿದರೆ ಬಿರೀಲಿ ಬಿಡೇ, ನಾವೇನು ಲಾರಿಗೆ ತುಂಬಬೇಕಾ? ಕಿತ್ತು ನೇರ ಒಲೆ ಮೇಲೆ ಹಾಕೋದು." ಸದ್ಯಕ್ಕೆ ಎರಡೂ ಇವೆ. ಆರು ಗಿಡದಿಂದ ವಾರಕ್ಕೆ ಒಂದೆರಡು ಸಲ ಸಾರಿಗಾಗುವಷ್ಟು ಸಿಗುತ್ತದೆ. ಬೀಜ ಕೊಡಿ ಅಂತ ಕೇಳುವವರಿಗೆ ಎಫ್6 ಆಗಲಿ ಅನ್ನುತ್ತಿದ್ದೇನೆ. ಎದುರು ಮನೆಯ ಆಂಟಿಗೆ ಮಾತ್ರ ಕೊಟ್ಟಾಗಿದೆ. ಒಂದೊಂದು ಗಿಡ ಒಂದೊಂದು ಥರ ಬಂದರೆ ಕೇಳಬಾರದು ಅಂತ ಮೊದಲೇ ಹೇಳಿದ್ದೇನೆ.

ಮುಂದಿನ ಕೆಲಸ ಎಲೆ ಮುದುರು ರೋಗದ್ದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ರೋಗವನ್ನೂ ಸೇರಿಸಿ ಮೂರು ರೋಗ ತಡೆಯುವ ಹೈಬ್ರಿಡ್. ಅದರ ಪರಾಗವನ್ನು ಏಣಿನ ಸಾಲಿನ ಹೂವಿಗೆ ಹಾಕಿದ್ದೇನೆ, ಎರಡು ಹೀಚು ನಿಂತಿವೆ. ರಕ್ಷಕ್ ತಾನೇ ಹೈಬ್ರಿಡ್ ಆದ್ದರಿಂದ ಈ ಸಲ ಎಫ್1 ಸಸಿಗಳೂ ಒಂದೇ ಥರ ಬರುವುದಿಲ್ಲ. ರೋಗ ತಡೆಯುವ ಗುಣ ಯಾವುದಕ್ಕೆ ಬಂದಿದೆ ಅಂತ ನೋಡಬೇಕಾದರೆ ಮಾರ್ಚಿನಲ್ಲಿ ಬಲೆಯ ಆಚೆ ಇಟ್ಟು ಬಿಳಿನೊಣಕ್ಕೇ ಬಿಡಬೇಕು. ಅದಕ್ಕೆ ಜಾಗ ನಮ್ಮಲ್ಲಿಲ್ಲ. ಚಿಕ್ಕಮ್ಮನ ಹಿತ್ತಲನ್ನು ಕೇಳಿದ್ದೇನೆ, ಬದನೆ ಕಿತ್ತ ಮೇಲೆ ಒಂದು ಮಡಿ ಬಿಟ್ಟುಕೊಡುತ್ತೇನೆ ಅಂದಿದ್ದಾರೆ.